ಕಕ್ಷೆ, ಕರಸ್ಥಲ, ಉರಸೆಜ್ಜೆ



ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸುವುದಕ್ಕೆ ನಮ್ಮ ಪರಂಪರೆಯು ಆರು ಸ್ಥಾನಗಳನ್ನು ಹೇಳಿದೆ. ಉತ್ತಮಾಂಗ, ಅಮಳೋಕ್ಯ, ಕಂಠ, ಕಕ್ಷೆ, ಉರಸೆಜ್ಜೆ, ಕರಸ್ಥಲ. ಎಂದರೆ ತಲೆ, ಬಾಯಿ, ಕೊರಳು, ಕಂಕುಳು, ಎದೆ, ಅಂಗೈ. ಇವುಗಳಲ್ಲಿ ನಮ್ಮ ಮನೆಗಳಲ್ಲಿ ರೂಢಿಯಲ್ಲಿ ಉಳಿದಿರುವುದು ಎರಡೇ: ದಿನವಿಡೀ ಎದೆ, ಪೂಜಾಕಾಲದಲ್ಲಿ ಎಡ ಅಂಗೈ. ಎಂ.ಎ. ಓದುವಾಗ ಈ ಪಟ್ಟಿಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅದರ ಮೂರು ಸ್ಥಾನಗಳು ಒಂದೇ ರೋಗದ ದಾರಿಯೂ ಆಗಿರಬಹುದೆಂದು ತಿಳಿದದ್ದು ಬಹಳ ತಡವಾಗಿ, ಪುಸ್ತಕದಿಂದಲ್ಲ.

2020ರಲ್ಲಿ ನನ್ನ ಎಡಸ್ತನದಲ್ಲಿ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ವೈದ್ಯರು ಗಂಟನ್ನು ಮುಟ್ಟಿ ನೋಡಿದ ಬೆರಳನ್ನೇ ಮರುಕ್ಷಣ ಕಂಕುಳಿಗೆ ಒಯ್ದರು. ಸ್ತನದಿಂದ ಹೊರಡುವ ದುಗ್ಧರಸವು ಬಹುಪಾಲು ಕಂಕುಳಿನ ಗ್ರಂಥಿಗಳಿಗೇ ಹೋಗಿ ಸೇರುತ್ತದೆ. ಆದಕಾರಣ ರೋಗವು ಮನೆ ಬಿಟ್ಟು ಹೊರಟಿದೆಯೇ ಎಂದು ಅರಿಯಲು ಮೊದಲು ನೋಡಬೇಕಾದ ಹೊಸ್ತಿಲು ಅದು. ಹೊರಟಿತ್ತು. ಸ್ತನವನ್ನೂ ಆ ಗ್ರಂಥಿಗಳನ್ನೂ ತೆಗೆದರು. ಕೀಮೋ, ವಿಕಿರಣ ಚಿಕಿತ್ಸೆಗಳು ಮುಗಿದವು. ಗ್ರಂಥಿಗಳಿಲ್ಲದ ಮೇಲೆ ದುಗ್ಧರಸಕ್ಕೆ ಹರಿದುಹೋಗುವ ದಾರಿ ಕಿರಿದಾಗಿ ಎಡಗೈ ಬಾತುಕೊಳ್ಳಲಾರಂಭಿಸಿತು. ಈ ಬಾವು ಎಲ್ಲರಿಗೂ ಬರುವುದಿಲ್ಲ, ಬಂದರೆ ಪೂರ್ಣವಾಗಿ ಹೋಗುವುದಿಲ್ಲ. ಆ ಕೈಯಲ್ಲಿ ರಕ್ತದೊತ್ತಡ ನೋಡಬಾರದು, ಸೂಜಿ ಚುಚ್ಚಬಾರದು, ಭಾರ ಎತ್ತಬಾರದು ಎಂದು ಬರೆದುಕೊಟ್ಟರು. ಲಿಂಗದ ಭಾರವನ್ನು ಕುರಿತು ಆ ಚೀಟಿಯಲ್ಲಿ ಏನೂ ಇರಲಿಲ್ಲ.

ಹೀಗೆ ಎದೆ, ಕಂಕುಳು, ಅಂಗೈ ಮೂರೂ ಹೋದವು ಎಂದು ಆಗ ಅನ್ನಿಸಿತ್ತು. ವಿಕಿರಣದಿಂದ ಕಪ್ಪಾಗಿ ಸುಲಿದ ಎದೆಯ ಮೇಲೆ ಬೆಳ್ಳಿಯ ಕರಡಿಗೆ ಉಜ್ಜಿದರೆ ಉರಿ. ಅಮ್ಮ ಹಳೆಯ ಬಿಳಿಯ ಪಂಚೆಯ ಮೆತ್ತನೆಯ ಅಂಚನ್ನು ಹರಿದು ಲಿಂಗವಸ್ತ್ರ ಮಾಡಿ, ಶಿವದಾರವನ್ನು ಗಿಡ್ಡಮಾಡಿ, ಲಿಂಗವನ್ನು ಕೊರಳಿನ ಗುಳಿಯ ಬಳಿಗೆ ಏರಿಸಿ ಕಟ್ಟಿದರು. ಕಂಠವೂ ಆರರಲ್ಲಿ ಒಂದಲ್ಲವೇ! ಪಟ್ಟಿ ಮಾಡಿದ ಹಿರಿಯರು ಒಂದೇ ಸ್ಥಾನವನ್ನು ಹೇಳಿ ಸುಮ್ಮನಾಗಲಿಲ್ಲವೆಂಬುದಕ್ಕಾಗಿ ನಾನು ಅವರಿಗೆ ಋಣಿ. ಎಲ್ಲ ಅಂಗಗಳೂ ಎಲ್ಲ ಕಾಲಕ್ಕೂ ನೆಟ್ಟಗಿರುವುದಿಲ್ಲವೆಂದು ಬಲ್ಲವರೇ ಅಂತಹ ಪಟ್ಟಿಯನ್ನು ಮಾಡಿರಬೇಕೆಂದು ನನ್ನ ಊಹೆ. ಶಾಸ್ತ್ರಾಧಾರ ಕೇಳಿದರೆ ನನ್ನ ಬಳಿ ಇಲ್ಲ.

2023ರಲ್ಲಿ ಬೆನ್ನುನೋವು ಬಂದಿತು. ದಿನವೆಲ್ಲ ಕರಡು ತಿದ್ದುವವರಿಗೆ ಬೆನ್ನುನೋವು ಹೊಸದಲ್ಲ. ಆದರೆ ಇದು ಮಲಗಿದರೆ ಹೆಚ್ಚಾಗುವ, ನಡುರಾತ್ರಿಯಲ್ಲಿ ಎಬ್ಬಿಸುವ ನೋವು. ಸ್ಕ್ಯಾನಿನಲ್ಲಿ ಬೆನ್ನೆಲುಬಿನ ಎರಡು ಮಣಿಗಳೂ ಸೊಂಟದ ಎಲುಬೂ ಹೊಳೆದವು. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ಊರಿನಲ್ಲಿ ‘ಇವಳಿಗೆ ಈಗ ಮೂಳೆ ಕ್ಯಾನ್ಸರ್ ಕೂಡ ಬಂದಿದೆಯಂತೆ’ ಎಂಬ ಮಾತು ಹರಡಿದೆ. ಇದು ಬೇರೆ ರೋಗವಲ್ಲ. ಎಲುಬಿನಲ್ಲಿ ಬೀಡುಬಿಟ್ಟಿರುವುದು ಸ್ತನದ ಜೀವಕೋಶಗಳೇ, ಔಷಧಿಯೂ ಸ್ತನಕ್ಯಾನ್ಸರಿನದೇ. ಯಕೃತ್ತಿಗೆ ಹೋದರೂ ಶ್ವಾಸಕೋಶಕ್ಕೆ ಹೋದರೂ ಅದು ತನ್ನ ತವರಿನ ಹೆಸರನ್ನು ಬಿಡುವುದಿಲ್ಲ.

ವೈದ್ಯರು ಇದಕ್ಕೆ ಮೆಟಾಸ್ಟಾಸಿಸ್ ಎನ್ನುತ್ತಾರೆ. ಗ್ರೀಕ್ ಮೂಲದಲ್ಲಿ ಸ್ಥಾನಪಲ್ಲಟವೆಂದು ಅರ್ಥ. ಕ್ಯಾನ್ಸರ್ ಎಂದರೆ ಏಡಿ ಎಂಬುದು ಹಲವರಿಗೆ ಗೊತ್ತಿರುತ್ತದೆ. (ಹೆಸರಿನಲ್ಲೇ ಚೇಳನ್ನು ಇಟ್ಟುಕೊಂಡಿರುವ ನಮ್ಮೂರಿಗೆ ಏಡಿಯೊಂದು ಬಂದದ್ದರಲ್ಲಿ ಆಶ್ಚರ್ಯವೇನೆಂದು ನನ್ನ ಅಣ್ಣ ಒಮ್ಮೆ ನಗಿಸಿದ್ದ.) ಸ್ಥಾನಪಲ್ಲಟ ಎಂಬ ಮಾತು ಮಾತ್ರ ನನ್ನನ್ನು ಬಹುದಿನ ಕಾಡಿತು. ಸ್ಥಾವರ ಮತ್ತು ಜಂಗಮ ಎಂಬ ಜೋಡಿಪದಗಳ ನಡುವೆಯೇ ನಾವು ವಚನಗಳನ್ನು ಓದುತ್ತೇವೆ. ನಿಂತದ್ದು ಅಳಿಯುತ್ತದೆ, ಚಲಿಸುವುದು ಉಳಿಯುತ್ತದೆ ಎಂಬ ಭಾವಕ್ಕೆ ಕೈಮುಗಿದು ಬೆಳೆದವರು ನಾವು. ಈ ರೋಗವಾದರೋ ನಿಂತಲ್ಲೇ ನಿಂತಿದ್ದರೆ ಕತ್ತಿಗೆ ಸಿಕ್ಕುತ್ತಿತ್ತು. ಚಲಿಸಿದ್ದರಿಂದಲೇ ಅದು ಕೈಗೆ ಸಿಗದಂತಾಯಿತು. ಹಾಗಾದರೆ ಬಸವಣ್ಣನವರು ಜಂಗಮ ಎಂದದ್ದು ಬರಿಯ ಚಲನೆಯನ್ನಲ್ಲ ಎಂದಾಯಿತು. ತಾನು ಹೋದೆಡೆಯಲ್ಲೆಲ್ಲ ತನ್ನದೇ ಮನೆ ಕಟ್ಟಿ, ಆ ಮನೆಯವರ ಅನ್ನವನ್ನು ಉಂಡು, ಕಂಬಗಳನ್ನು ಟೊಳ್ಳುಮಾಡುವುದು ಸ್ಥಾವರದ ದುರಾಶೆಯೇ ಹೊರತು ಜಂಗಮವಲ್ಲ. ಜಂಗಮನು ಬಂದು ಹೋಗುತ್ತಾನೆ. ಇದು ಬಂದು ನೆಲಸುತ್ತದೆ. ಹನ್ನೆರಡನೆಯ ಶತಮಾನದ ಪದವೊಂದರ ಅರ್ಥ ನನಗೆ ತಿಳಿಯಾದದ್ದು ಸ್ಕ್ಯಾನ್ ವರದಿಯ ಹಾಳೆಯನ್ನು ಹಿಡಿದಾಗ.

ಇನ್ನು ‘ನಾಲ್ಕನೆಯ ಹಂತ’ ಎಂಬ ಮಾತು. ನಮ್ಮಲ್ಲಿ ಸ್ಥಲಗಳು ಆರು, ನಾಲ್ಕನೆಯದು ಪ್ರಾಣಲಿಂಗಿ. ಆಸ್ಪತ್ರೆಯ ಎಣಿಕೆ ನಾಲ್ಕಕ್ಕೇ ನಿಲ್ಲುತ್ತದೆ, ಅದರಾಚೆ ಸ್ಥಲವಿಲ್ಲ. ಈ ಹೋಲಿಕೆಯನ್ನು ಇನ್ನೂ ಎಳೆಯುವ ಆಸೆಯಾದರೂ ಎಳೆಯಬಾರದು. ಷಟ್ಸ್ಥಲವು ಸಾಧಕನು ಏರುವ ಮೆಟ್ಟಿಲು, ಇದು ತಾನಾಗಿ ಬೆಳೆಯುವ ಗಂಟು. ಆದರೆ ಪ್ರಾಣಲಿಂಗಿ ಸ್ಥಲದ ಒಂದು ಪ್ರಶ್ನೆ ನನಗೆ ಪುಸ್ತಕದ ಪ್ರಶ್ನೆಯಾಗಿ ಉಳಿಯಲಿಲ್ಲ. ಹೊರಗಿನ ಲಿಂಗವು ಅಂಗದಿಂದ ಅಗಲಿದರೆ ಏನಾಗುತ್ತದೆ?

ಎಂ.ಆರ್.ಐ. ಕೋಣೆಯ ಬಾಗಿಲಲ್ಲಿ ಲೋಹದ ವಸ್ತುವೆಲ್ಲವನ್ನೂ ತೆಗೆಯಬೇಕು. ಓಲೆ, ಬಳೆ, ಹೇರ್‌ಪಿನ್ನು ತೆಗೆದದ್ದಾಯಿತು. ಅಲ್ಲಿದ್ದ ಹುಡುಗ ಕೊರಳಿನತ್ತ ಕೈತೋರಿಸಿ ‘ಅದೂ’ ಎಂದ. ಬೆಳ್ಳಿಯ ಕರಡಿಗೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ, ಇದು ಬಟ್ಟೆ ಮತ್ತು ನೂಲು ಎಂದೆ. ಒಳಗೇನಿದೆ ಎಂದ. ಲಿಂಗ ಎಂದೆ. ಕಲ್ಲೋ ಲೋಹವೋ ಎಂದ. ಮೇಲೆ ಕಂತಿ ಕಟ್ಟಿರುತ್ತದೆ, ಒಳಗೆ ಕಲ್ಲು ಎಂದೆ. ಕಂತಿಯಲ್ಲಿ ಏನೇನು ಇರುತ್ತದೆಂದು ಅವನು ಕೇಳಿದಾಗ ವಚನಸಾಹಿತ್ಯದಲ್ಲಿ ಪದವಿ ಪಡೆದವಳ ಬಳಿ ಅವನಿಗೆ ಬೇಕಾದ ಉತ್ತರವಿರಲಿಲ್ಲ. ಅವನು ಒರಟನಲ್ಲ; ಕಾಂತವು ನಿಯಮವನ್ನು ಕೇಳುವುದಿಲ್ಲವೆಂಬುದೇ ಅವನ ಚಿಂತೆ. ಮುಂಜಾನೆ ಆರರಿಂದ ಸಾಲಿನಲ್ಲಿ ನಿಂತ ಹತ್ತು ಜನ ನನ್ನ ಹಿಂದೆ ಇದ್ದರು.

ಅಂಗದ ಮೇಲಿನ ಲಿಂಗ ಅಗಲಿದರೆ ಪ್ರಾಣವನ್ನೇ ಬಿಡಬೇಕೆಂಬ ಉಗ್ರನಿಷ್ಠೆ ನಮ್ಮ ಪರಂಪರೆಯಲ್ಲಿ ಇದೆ. ಅದನ್ನು ಅಲ್ಲಗಳೆಯುವ ಅಧಿಕಾರ ನನ್ನದಲ್ಲ. ಆದರೆ ಅದೇ ಪರಂಪರೆಯಲ್ಲಿ ನುಲಿಯ ಚಂದಯ್ಯನವರ ಪ್ರಸಂಗವೂ ಇದೆ. ಹಗ್ಗ ಹೊಸೆಯುವ ಕಾಯಕದ ಚಂದಯ್ಯನವರು ಹುಲ್ಲು ಕೊಯ್ಯುತ್ತಿರುವಾಗ ಇಷ್ಟಲಿಂಗ ಜಾರಿ ಬೀಳುತ್ತದೆ. ಅವರು ಅದನ್ನು ಎತ್ತಿಕೊಳ್ಳದೆ ಹುಲ್ಲಿನ ಹೊರೆಯನ್ನು ಹೊತ್ತು ನಡೆಯುತ್ತಾರೆ. ಲಿಂಗವೇ ಅವರನ್ನು ಬೆನ್ನಟ್ಟಿ ಬರುತ್ತದೆ. ಮಡಿವಾಳ ಮಾಚಯ್ಯನವರು ನಡುವೆ ಬಂದು ವಾದಿಸುತ್ತಾರೆ. ಕಡೆಗೆ ಲಿಂಗವೂ ಕಾಯಕಕ್ಕೆ ಒಳಗಾಗುತ್ತದೆ. ಶೂನ್ಯಸಂಪಾದನೆಯಲ್ಲಿ ಇದಕ್ಕೊಂದು ಪ್ರತ್ಯೇಕ ಸಂಪಾದನೆಯನ್ನೇ ಮೀಸಲಿಡಲಾಗಿದೆ. ಶೂನ್ಯಸಂಪಾದನೆಯ ನಾಲ್ವರು ಸಂಕಲನಕಾರರಲ್ಲಿ ಒಬ್ಬರಾದ ಗೂಳೂರು ಸಿದ್ಧವೀರಣ್ಣೊಡೆಯರು ನಮ್ಮ ತುಮಕೂರು ಸೀಮೆಯವರೇ, ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಶಿಷ್ಯಪರಂಪರೆಯವರು ಎಂಬುದನ್ನು ಭಕ್ತರು ಬಲ್ಲರು.

ಈ ಪ್ರಸಂಗವನ್ನು ಕಾಯಕದ ಹಿರಿಮೆಯ ಕಥೆಯೆಂದು ನಾವು ಪಾಠ ಹೇಳುತ್ತೇವೆ. ಸರಿಯೇ. ನಾನು ಅದರಲ್ಲಿ ಗಮನಿಸುವುದು ಇನ್ನೊಂದನ್ನು: ಕೈತಪ್ಪಿದ ಲಿಂಗವು ಕೋಪಿಸಿಕೊಳ್ಳುವುದಿಲ್ಲ, ಶಾಪ ಕೊಡುವುದಿಲ್ಲ, ಹಿಂದೆಯೇ ಬರುತ್ತದೆ. ಅಂದು ಶಿವದಾರವನ್ನು ಬಿಚ್ಚಿ ಅಮ್ಮನ ಅಂಗೈಗೆ ಕೊಟ್ಟೆ. ಅಮ್ಮ ಅದನ್ನು ಎಡ ಅಂಗೈಯಲ್ಲಿಟ್ಟು ಬಲಗೈ ಮುಚ್ಚಿ, ಕುರ್ಚಿಯಲ್ಲಿ ಕೂರದೆ, ನಲವತ್ತು ನಿಮಿಷ ಗೋಡೆಗೆ ಒರಗಿ ನಿಂತಿದ್ದರಂತೆ. ಒಳಗೆ ಯಂತ್ರದ ಬಡಿತ ಕಿವಿ ಕಿವುಡಾಗುವಂತಿತ್ತು. ಮರಳಿ ಕಟ್ಟಿಕೊಂಡು, ಆ ಸಂಜೆ ಮಠದ ಹಿರಿಯರಲ್ಲಿ ಪ್ರಾಯಶ್ಚಿತ್ತವೇನೆಂದು ಕೇಳಿದೆ. ‘ನಿಮ್ಮ ತಾಯಿಯ ಕಾಲುನೋವಿಗೆ ಎಣ್ಣೆ ಹಚ್ಚಿ’ ಎಂದರು, ಬೇರೇನೂ ಹೇಳಲಿಲ್ಲ.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. ಲಿಂಗ ತೆಗೆಯಬೇಕಾಗುತ್ತದೆಂಬ ಅಂಜಿಕೆಯಿಂದ ಸ್ಕ್ಯಾನಿಗೆ, ಶಸ್ತ್ರಕ್ರಿಯೆಗೆ ಹೋಗಲು ಹಿಂಜರಿಯುವ ತಾಯಂದಿರು ನಮ್ಮ ಭಕ್ತರಲ್ಲಿ ಇದ್ದಾರೆ. ಇಬ್ಬರು ನನ್ನೊಡನೆಯೇ ಹೇಳಿಕೊಂಡಿದ್ದಾರೆ. ಹೆಂಗಸರಿಗೆ ಎದೆಯ ಗಂಟನ್ನು ಇನ್ನೊಬ್ಬರಿಗೆ ತೋರಿಸಲು ಇರುವ ಸಂಕೋಚವೇ ಸಾಲದೆಂಬಂತೆ ಇದೂ ಒಂದು. 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತೆಂದೂ ಸುಮಾರು 98 ಸಾವಿರ ಮಂದಿ ಅದರಿಂದ ತೀರಿಕೊಂಡರೆಂದೂ ಜಾಗತಿಕ ಅಂದಾಜು ಹೇಳುತ್ತದೆ. ನಮ್ಮ ದೇಶದ ಹೆಂಗಸರಲ್ಲಿ ಬೇರಾವ ಕ್ಯಾನ್ಸರಿಗಿಂತಲೂ ಇದೇ ಹೆಚ್ಚು. ಮೊದಲಿಗೇ ಸಿಕ್ಕಿದರೆ ಪೂರ್ಣ ಗುಣವಾಗುವ ಸಾಧ್ಯತೆ ಬಹಳ. ನೋವಿಲ್ಲದ ಗಂಟನ್ನೇ ಮೊದಲು ಅನುಮಾನಿಸಬೇಕು.

ಬರುವವರು ಹೇಳುವ ಮಾತುಗಳನ್ನು ಕುರಿತು ಸ್ವಲ್ಪ. ‘ಹಿಂದಿನ ಜನ್ಮದ ಪಾಪ’ ಎನ್ನುವವರಿಗೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ದೀಕ್ಷೆ ಪಡೆದ ಭಕ್ತನಿಗೆ ಪೂರ್ವಾಶ್ರಯವಿಲ್ಲವೆಂದು ನಾವು ನಂಬುತ್ತೇವಲ್ಲ, ಗುರುವು ಕಳೆದ ಲೆಕ್ಕವನ್ನು ನೀವು ಯಾವ ಪುಸ್ತಕದಲ್ಲಿ ಇಟ್ಟುಕೊಂಡಿದ್ದೀರಿ? ವಾಂತಿಯ ದಿನಗಳಲ್ಲಿ ಪೂಜೆ ಮಾಡಬಹುದೇ ಎಂದು ಕೇಳುವವರಿಗೂ ಉತ್ತರ ಸರಳ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣರು ಒಪ್ಪಲಿಲ್ಲ. ಕೀಮೋದ ದಿನಗಳಲ್ಲಿ ಪಕ್ಕದಲ್ಲಿ ಬೋಗುಣಿ ಇಟ್ಟುಕೊಂಡೇ ವಿಭೂತಿ ಧರಿಸಿದ್ದೇನೆ. ಪಾದೋದಕವನ್ನು ಮಾತ್ರ ಕುದಿಸಿ ಆರಿಸಿದ ನೀರಿನಿಂದ ಮಾಡಿಸುತ್ತೇನೆ. ಬಿಳಿಯ ರಕ್ತಕಣಗಳು ತಗ್ಗಿದವರಿಗೆ ಕೆರೆಯ ನೀರೂ ಕೊಳಾಯಿಯ ನೀರೂ ಒಂದೇ, ಎರಡೂ ಅಪಾಯ.

ನೋವನ್ನು ತಪಸ್ಸೆಂದು ಸಹಿಸಿಕೊಳ್ಳಿ, ಮಾರ್ಫಿನ್ ಬೇಡ, ಅದು ಚಟವಾಗುತ್ತದೆ ಎಂದವರೂ ಇದ್ದಾರೆ. ಪ್ರೀತಿಯಿಂದಲೇ ಹೇಳಿದರು. ಬೆನ್ನೆಲುಬಿಗೆ ವಿಕಿರಣ ಕೊಡುವ ಮುಂಚಿನ ಆರು ವಾರ ನಾನು ಅದನ್ನು ನುಂಗಿದ್ದೇನೆ. ವೈದ್ಯರು ಹೇಳಿದ ಅಳತೆಯಲ್ಲಿ, ಹೇಳಿದ ಹೊತ್ತಿಗೆ ತೆಗೆದುಕೊಂಡರೆ ಅದು ಬುದ್ಧಿಯನ್ನು ಕೆಡಿಸುವುದಿಲ್ಲ, ಮಲಬದ್ಧತೆಯನ್ನಂತೂ ಖಂಡಿತ ತರುತ್ತದೆ. ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧಿ ಕೊಡುತ್ತಾರೆ. 2014ರಲ್ಲಿ ಮಾದಕವಸ್ತು ಕಾಯಿದೆಗೆ ತಿದ್ದುಪಡಿಯಾದ ಮೇಲೆ ನೋವಿನ ರೋಗಿಗಳಿಗೆ ಮಾರ್ಫಿನ್ ಒದಗಿಸುವ ಕ್ರಮ ಮೊದಲಿಗಿಂತ ಸುಲಭವಾಯಿತು. ದೇಹದಂಡನೆಯಿಂದ ಶಿವನು ಒಲಿಯುತ್ತಾನೆಂದು ಶರಣರು ಎಲ್ಲಿ ಹೇಳಿದರು? ವ್ರತ, ಉಪವಾಸಗಳಿಂದ ಒಡಲನ್ನು ಬಳಲಿಸುವವರನ್ನು ಅವರು ಗೇಲಿ ಮಾಡಿದ್ದೇ ಹೆಚ್ಚು. ಅಂಗವೇ ಲಿಂಗದ ಮನೆಯಾದರೆ ಆ ಮನೆಗೆ ಬೆಂಕಿ ಬಿದ್ದಾಗ ನೀರು ಹಾಕುವುದು ಅಭಕ್ತಿಯಾಗಲಾರದು.

‘ಧೈರ್ಯವಾಗಿ ಹೋರಾಡು, ನೀನು ಗೆಲ್ಲುತ್ತೀಯ’ ಎಂಬ ಮಾತು ಇದಕ್ಕಿಂತ ಕಷ್ಟ. ಕೇಳಿದಾಗಲೆಲ್ಲ ನನಗೆ ಗೋರಕ್ಷನ ನೆನಪಾಗುತ್ತದೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಗೋರಕ್ಷನು ತನ್ನ ಕಾಯವನ್ನು ವಜ್ರದಂತೆ ಮಾಡಿಕೊಂಡವನು. ಕತ್ತಿಯಿಂದ ಹೊಡೆದರೆ ಅವನ ಮೈ ಖಣಿಲೆಂದು ಮೊಳಗುತ್ತದೆ. ಅದೇ ಕತ್ತಿ ಅಲ್ಲಮಪ್ರಭುವಿನ ಮೈಯಲ್ಲಿ ಬಯಲಲ್ಲಿ ಬೀಸಿದಂತೆ ಹಾಯ್ದುಹೋಗುತ್ತದೆ. ಗೋರಕ್ಷನು ಆಗ ಸೋಲುತ್ತಾನೆ. ಗೆಲ್ಲಬೇಕೆಂದು ನನ್ನನ್ನು ಹುರಿದುಂಬಿಸುವವರು ನನ್ನಿಂದ ವಜ್ರಕಾಯವನ್ನು ಬೇಡುತ್ತಾರೆ. ಅಲ್ಲಮನ ಬಯಲು ನನಗೆ ಎಟುಕದ ಮಾತು, ಅದನ್ನು ಹೇಳಿಕೊಂಡರೆ ಸುಳ್ಳಾದೀತು. ಆದರೆ ಖಣಿಲೆನ್ನುವ ಮೈ ನನಗೆ ಬೇಡ. ಒಂದು ವೇಳೆ ಔಷಧಿ ಕೈಬಿಟ್ಟರೆ ಅದನ್ನು ನನ್ನ ಸೋಲೆಂದು ಯಾರೂ ಎಣಿಸಬಾರದು.

ಗುಣ ಯಾವಾಗ ಎಂದೂ ಕೇಳುತ್ತಾರೆ. ನಾಲ್ಕನೆಯ ಹಂತದಲ್ಲಿ ಚಿಕಿತ್ಸೆಗೆ ಕೊನೆಯ ದಿನವಿಲ್ಲ. ನನ್ನ ಗಂಟು ಹೆಣ್ಣು ಹಾರ್ಮೋನಿನಿಂದ ಬೆಳೆಯುವ ಬಗೆಯದು. ಆದ್ದರಿಂದ ಅಂಡಾಶಯಗಳನ್ನು ಮಲಗಿಸಲು ತಿಂಗಳಿಗೊಂದು ಚುಚ್ಚುಮದ್ದು, ದಿನಕ್ಕೊಂದು ಲೆಟ್ರೊಜೋಲ್, ಮೂರು ವಾರ ನುಂಗಿ ಒಂದು ವಾರ ಬಿಡುವ ಪಾಲ್ಬೊಸೈಕ್ಲಿಬ್, ಎಲುಬು ಗಟ್ಟಿಯಾಗಲು ಝೋಲೆಡ್ರೋನಿಕ್ ಆಮ್ಲದ ಡ್ರಿಪ್ಪು. ಪಾಲ್ಬೊಸೈಕ್ಲಿಬ್ಬಿನ ಪೇಟೆಂಟ್ ಅವಧಿ ಭಾರತದಲ್ಲಿ 2023ರ ಜನವರಿಯಲ್ಲಿ ಮುಗಿಯಿತು. ದೇಶದ ಹಲವು ಕಂಪನಿಗಳು ಅದನ್ನು ತಯಾರಿಸತೊಡಗಿ ಬೆಲೆ ಬಹಳಷ್ಟು ಇಳಿಯಿತು. ನನಗೆ ಅದು ಬೇಕಾಗಿ ಬಂದದ್ದೂ ಅದೇ ವರ್ಷ. ಒಂದೆರಡು ವರ್ಷ ಮೊದಲು ಬೇಕಾಗಿದ್ದರೆ ಅಣ್ಣ ತೋಟದ ಒಂದು ಭಾಗವನ್ನು ಮಾರಬೇಕಾಗುತ್ತಿತ್ತು. ಇದನ್ನು ಶಿವಕೃಪೆ ಎನ್ನಲು ಬಾಯಿ ಬರುವುದಿಲ್ಲ, ಏಕೆಂದರೆ 2021ರಲ್ಲಿ, 2022ರಲ್ಲಿ ಅದೇ ಮಾತ್ರೆ ಬೇಕಾಗಿದ್ದ ಹೆಂಗಸರೂ ಶಿವನ ಮಕ್ಕಳೇ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1973ರಲ್ಲಿ ಆರಂಭವಾದಂದಿನಿಂದ ನಮ್ಮ ಜಿಲ್ಲೆಯ ಬಡವರು ಹಿಡಿಯುವ ದಾರಿ ಅದೇ. ಅಲ್ಲಿಯ ಮರಗಳ ಕೆಳಗೆ ಟವೆಲ್ಲು ಹಾಸಿ ಕುಳಿತವರಲ್ಲಿ ರಾಯಚೂರಿನವರೂ ಕೊಳ್ಳೇಗಾಲದವರೂ ಬುತ್ತಿ ಹಂಚಿಕೊಳ್ಳುತ್ತಾರೆ. ಯಾರೂ ಯಾರ ಜಾತಿಯನ್ನೂ ಕೇಳಿದ್ದನ್ನು ನಾನು ಕಾಣೆ. ಎಷ್ಟನೆಯ ಕೀಮೋ ಎಂದು ಮಾತ್ರ ಕೇಳುತ್ತಾರೆ. ಅನುಭವಮಂಟಪವನ್ನು ಕಣ್ಣಿಗೆ ತಂದುಕೊಳ್ಳಲು ಕಷ್ಟವಾದಾಗ ನಾನು ಆ ಮರದಡಿಯನ್ನು ನೆನೆಯುತ್ತೇನೆ. ಔಷಧಿಗಳು ಮುಗಿದ ಮೇಲಿನ ದಿನಗಳಿಗೆ ಬೆಂಗಳೂರಿನಲ್ಲಿ ಕರುಣಾಶ್ರಯವಿದೆ, 1999ರಿಂದ ಹಣ ಪಡೆಯದೆ ಕೊನೆಗಾಲದ ಆರೈಕೆ ಮಾಡುತ್ತ ಬಂದಿದೆ. ಅದರ ವಿಳಾಸವನ್ನು ಬರೆದು ಪಂಚಾಂಗದ ಹಿಂದೆ ಅಂಟಿಸಿದ್ದೇನೆ. ಅತ್ತಿಗೆ ಅದನ್ನು ಎರಡು ಸಲ ಕಿತ್ತುಹಾಕಿದರು. ಮೂರನೆಯ ಸಲ ಅಂಟಿಸಿದ್ದು ಇನ್ನೂ ಇದೆ.

ಕನ್ನಡದಲ್ಲಿ ಈ ರೋಗವನ್ನು ಕುರಿತು ಓದಲು ಹುಡುಕಿದವಳಿಗೆ ಬಿ.ವಿ. ಭಾರತಿಯವರ ‘ಸಾಸಿವೆ ತಂದವಳು’ ಸಿಕ್ಕಿತು. ಸ್ತನಕ್ಯಾನ್ಸರಿನ ಚಿಕಿತ್ಸೆಯನ್ನು ನಗುನಗುತ್ತಲೇ ಹೇಳಿಕೊಂಡ ಪುಸ್ತಕ. ನಮ್ಮ ಮನೆಯ ಕಪಾಟಿನಲ್ಲಿ ಅಮ್ಮನ ಕಾಲದ ‘ತಾಯಿ-ಮಗು’ ಇದೆ. ಅದನ್ನು ಬರೆದ ವೈದ್ಯೆ ಅನುಪಮಾ ನಿರಂಜನರು ತಾವೇ ಕ್ಯಾನ್ಸರಿನಿಂದ 1991ರಲ್ಲಿ ತೀರಿಕೊಂಡರು. ಗುಣವಾದವರು ಬರೆಯುತ್ತಾರೆ, ತೀರಿಕೊಂಡವರನ್ನು ಕುರಿತು ಉಳಿದವರು ಬರೆಯುತ್ತಾರೆ. ಎರಡರ ನಡುವೆ ವರ್ಷಗಟ್ಟಲೆ ಮಾತ್ರೆ ನುಂಗುತ್ತ ಕಾಯಕ ಮಾಡುವವರ ಮಾತು ಕಡಿಮೆ. ಅದಕ್ಕಾಗಿ ಇಷ್ಟು ಬರೆದೆ.

ಕಾಯಕ ನಡೆಯುತ್ತಿದೆ. ಮಠದ ಪ್ರಕಟಣೆಗಾಗಿ ವಚನಗಳ ಪದಸೂಚಿಯನ್ನು ಸಿದ್ಧಪಡಿಸುವುದು ನನ್ನ ಕೆಲಸ. ಕರ್ನಾಟಕ ಸರ್ಕಾರವು 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳನ್ನು ಬಲಗೈಯಿಂದಲೇ ಎತ್ತಿ ಇಳಿಸಬೇಕು, ಒಂದೊಂದಾಗಿ. ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಎರಡು ಗಂಟೆ ಕುಳಿತರೆ ಒಂದು ಗಂಟೆ ಮಲಗಬೇಕು. ಪೂಜೆಯಲ್ಲಿ ಎಡ ಅಂಗೈಯನ್ನು ಹಿಡಿದು ದೃಷ್ಟಿ ನಿಲ್ಲಿಸಲು ಮೊದಲು ಅರ್ಧ ಗಂಟೆಯ ಅಭ್ಯಾಸವಿತ್ತು. ಈಗ ಮೊಣಕೈ ಕೆಳಗೆ ದಿಂಬಿಟ್ಟು ಹತ್ತು ನಿಮಿಷ. ಬಾವಿನಿಂದಾಗಿ ಅಂಗೈ ತುಂಬಿಕೊಂಡು ಮೊದಲಿಗಿಂತ ಮೆತ್ತಗಾಗಿದೆ. ಲಿಂಗ ಅಲ್ಲಿ ಅಲುಗದೆ ಕೂರುತ್ತದೆ.

ಹೋದ ವರ್ಷ ಮಳೆಗಾಲದಲ್ಲಿ ಅಣ್ಣ ತೋಟದ ಅಂಚಿಗೆ ಸಿದ್ದು ಹಲಸಿನ ಎರಡು ಕಸಿಗಿಡ ಹಾಕಿದ. ನಮ್ಮ ಚೇಳೂರಿನ ಒಂದು ಮರದಿಂದಲೇ ಹೊರಟ ಕೆಂಪು ತೊಳೆಯ ತಳಿ ಅದು, ಹಿರೇಹಳ್ಳಿಯ ತೋಟಗಾರಿಕೆ ಕೇಂದ್ರದವರು ಗುರುತಿಸಿ ಹೆಸರು ಮಾಡಿದ್ದು. ಕಸಿಯಾದರೆ ಮೂರು ನಾಲ್ಕು ವರ್ಷಕ್ಕೆ ಕಾಯಿ ಹಿಡಿಯುತ್ತದೆಯಂತೆ. ಗುಂಡಿಗೆ ಗೊಬ್ಬರ ಹಾಕುವಾಗ ನಾವಿಬ್ಬರೂ ಮನಸ್ಸಿನಲ್ಲೇ ಲೆಕ್ಕ ಹಾಕಿದೆವು, ಬಾಯಿಬಿಟ್ಟು ಹೇಳಲಿಲ್ಲ.

ಅಂದೇ ಸಂಜೆ ಅವನೊಡನೆ ಇನ್ನೊಂದು ಮಾತನ್ನೂ ಆಡಿದೆ. ನಮ್ಮಲ್ಲಿ ಕ್ರಿಯಾಸಮಾಧಿಯಲ್ಲಿ ದೇಹವನ್ನು ಕುಳ್ಳಿರಿಸಿ, ಲಿಂಗವನ್ನು ಎಡ ಅಂಗೈಯಲ್ಲಿ ಇಡುತ್ತಾರೆ. ನನ್ನ ಬೆನ್ನು ಆ ಹೊತ್ತಿಗೆ ಹೇಗಿರುತ್ತದೋ, ಕೂರಿಸಲು ಒತ್ತಾಯ ಮಾಡಬೇಡಿ, ಅಂಗೈಯಲ್ಲಿ ಮಾತ್ರ ಇಡಿ, ಕೈ ಬಾತಿದೆಯೆಂದು ಬಲಗೈಗೆ ಬದಲಿಸಬೇಡಿ ಎಂದೆ. ಅಣ್ಣ ಸನಿಕೆಯ ಮಣ್ಣನ್ನು ಕೆರೆಯುತ್ತ, ‘ಬುಧವಾರ ಬ್ಲಡ್ ಟೆಸ್ಟಿಗೆ ಗುಬ್ಬಿಗೆ ಎಷ್ಟು ಹೊತ್ತಿಗೆ ಹೊರಡಬೇಕು?’ ಎಂದ. ಕಣಗಳ ಎಣಿಕೆ ಸಾವಿರಕ್ಕಿಂತ ಮೇಲಿದ್ದರೆ ಹೊಸ ಮಾತ್ರೆಯ ಪಟ್ಟಿಯನ್ನು ಒಡೆಯಬಹುದು, ಇಲ್ಲವಾದರೆ ಇನ್ನೊಂದು ವಾರ ಕಾಯಬೇಕು. ಏಳು ಗಂಟೆಯ ಬಸ್ಸು ಸಾಕು ಎಂದೆ.